ಎರಡು ಬೈಟಿನ ಲೆಕ್ಕ ತಪ್ಪಿದರೆ: ವರ್ಟಿಯೋ ನೆಟ್ ಡ್ರೈವರ್‌ನ ಬಫರ್‌ಗಳು

ವರ್ಚುವಲ್ ಮಷೀನ್ ತನ್ನ ಡಿವೈಸ್‌ಗಳ ಜೊತೆ ಮಾತಾಡುವ ಒಪ್ಪಿತ ರೀತಿಯೇ ವರ್ಟಿಯೋ; ಅದರ ನೆಟ್‌ವರ್ಕ್ ಡ್ರೈವರ್ ಬರೆಯುತ್ತಿದ್ದೀರಿ ಎನ್ನಿ. ವರ್ಚುವಲ್ ಮಷೀನ್‌ನಲ್ಲಿ ಪಿಂಗ್‌ಗೆ ಉತ್ತರವಿಲ್ಲ, ಆದರೆ ಟಿಸಿಪಿಡಂಪ್ (ಬರುವ ಹೋಗುವ ಪ್ಯಾಕೆಟ್ ತೋರಿಸುವ ಸಾಧನ) ಹಾಕಿದರೆ ಏನೋ ಬರುತ್ತಿರುವುದು ಕಾಣುತ್ತದೆ. ಬಂದ ಫ್ರೇಮ್ ಯಾವ ಮ್ಯಾಕ್ ವಿಳಾಸಕ್ಕೆ ಹೊರಟಿದೆ ಅಂತ ಮೊದಲು ನೋಡಿ. 01:00:52:54:00:12 ಅಂತಿದ್ದರೆ ಬೇರೆಲ್ಲೂ ಹುಡುಕಬೇಕಿಲ್ಲ. ವರ್ಚುವಲ್ ಮಷೀನ್ ಓಡಿಸುವ ಕ್ಯೂಎಮು ತಾನಾಗಿ ಕೊಡುವ ಮ್ಯಾಕ್ 52:54:00:12:34:56. ಅದರ ಮುಂದೆ ಅಂಟಿಕೊಂಡಿರುವ 01:00, ಪ್ರತಿ ಪ್ಯಾಕೆಟ್‌ನ ಮುಂದೆ ಡಿವೈಸ್ ಇಡುವ ವರ್ಟಿಯೋ ಹೆಡರ್‌ನ ಬಾಲ.

ಹಳೆಯ ಲೆಗಸಿ ಹೆಡರ್ 10 ಬೈಟ್. ಮರ್ಜಬಲ್ ಬಫರ್ (ಒಂದು ಪ್ಯಾಕೆಟ್ ಹಲವು ಬಫರ್‌ಗಳಲ್ಲಿ ಹರಡಬಹುದಾದ ಏರ್ಪಾಡು) ಒಪ್ಪಿಕೊಂಡಿದ್ದರೆ, ಇಲ್ಲವೇ ಡಿವೈಸ್ ವರ್ಟಿಯೋ 1.0 ರೀತಿಯಲ್ಲಿ ಮಾತಾಡುತ್ತಿದ್ದರೆ, ಕೊನೆಯಲ್ಲಿ ಬಫರ್ ಎಣಿಕೆಯ 2 ಬೈಟ್ ಸೇರಿ 12 ಆಗುತ್ತದೆ. ಡ್ರೈವರ್ 10 ಮಾತ್ರ ಕತ್ತರಿಸಿದರೆ ಆ ಎಣಿಕೆಯೇ (ಒಂದೇ ಬಫರ್ ಆದರೆ 01:00) ಮ್ಯಾಕ್‌ನೊಳಗೆ ನುಗ್ಗುತ್ತದೆ. ಮೊದಲ ಬೈಟ್ 01 ಆದ್ದರಿಂದ ಫ್ರೇಮ್ ಮಲ್ಟಿಕಾಸ್ಟ್ ವೇಷ ಹಾಕಿಕೊಳ್ಳುತ್ತದೆ. ಫಿಲ್ಟರ್ ಕೆಟ್ಟಿದೆ ಅಂದುಕೊಂಡು ಅತ್ತ ಹೋಗಿಬಿಡುವುದು ಸುಲಭ. ಹೆಡರ್ ಅಳತೆಯನ್ನು ಕೋಡ್‌ನಲ್ಲಿ ಅಂಕಿಯಾಗಿ ಬರೆಯಬೇಡಿ. ಯಾವ ಸೌಲಭ್ಯ ಬಳಸಬೇಕೆಂದು ಡ್ರೈವರ್ ಮತ್ತು ಡಿವೈಸ್ ನಡೆಸುವ ಫೀಚರ್ ಮಾತುಕತೆ ಮುಗಿದ ಮೇಲೆ ಒಮ್ಮೆ ಲೆಕ್ಕ ಹಾಕಿ, ಎಲ್ಲ ಕಡೆ ಅದನ್ನೇ ಬಳಸಿ.

ಮರ್ಜಬಲ್ ಬಫರ್ ಯಾಕೆ ಬೇಕು? ಅದಿಲ್ಲದೆ ಟಿಎಸ್‌ಒ (ಹಲವು ಟಿಸಿಪಿ ತುಂಡುಗಳ ಬದಲು ಒಂದೇ ದೊಡ್ಡ ಪ್ಯಾಕೆಟ್ ಪಡೆಯುವುದು) ಮಾತ್ರ ಒಪ್ಪಿಕೊಂಡರೆ ಬರುವ ಪ್ರತಿ ಪ್ಯಾಕೆಟ್‌ಗೂ 64 ಕೆಬಿಗಿಂತ ತುಸು ಹೆಚ್ಚು ಜಾಗ ಮೊದಲೇ ಎತ್ತಿಡಬೇಕು. 256 ಬಫರ್‌ಗಳ ಒಂದೇ ಕ್ಯೂಗೆ 16 ಎಂಬಿ ಹೋಯಿತು, ಅದೂ 60 ಬೈಟಿನ ಎಆರ್‌ಪಿ (ಮ್ಯಾಕ್ ವಿಳಾಸ ಕೇಳುವ ಪುಟ್ಟ ಫ್ರೇಮ್) ಬರಲಿ ಅಂತ.

ಮರ್ಜಬಲ್ ಇದ್ದರೆ ಸಣ್ಣ ಬಫರ್ ಸಾಕು, ಎಷ್ಟು ಬೇಕೋ ಅಷ್ಟನ್ನು ಡಿವೈಸ್ ತುಂಬುತ್ತದೆ. 1536 ಬೈಟಿನ ಬಫರ್‌ಗಳಿಗೆ 9014 ಬೈಟಿನ ಫ್ರೇಮ್ ಬಂತೆನ್ನಿ. ಮೊದಲ ಬಫರ್‌ನಲ್ಲಿ 12 ಬೈಟ್ ಹೆಡರ್, 1524 ಬೈಟ್ ಡೇಟಾ. ಮುಂದಿನ ನಾಲ್ಕು ಪೂರ್ತಿ, ಆರನೆಯದರಲ್ಲಿ 1346. ಎಣಿಕೆಯ ಜಾಗದಲ್ಲಿ 6 ಇರುತ್ತದೆ. ಹೆಡರ್ ಇರುವುದು ಮೊದಲನೆಯದರಲ್ಲಿ ಮಾತ್ರ! ಎಲ್ಲದರಿಂದಲೂ 12 ಕತ್ತರಿಸಿದರೆ ಮಧ್ಯೆ ಮಧ್ಯೆ ಒಟ್ಟು 60 ಬೈಟ್ ಮಾಯ. ಐಪಿ ಹೆಡರ್ ಹೇಳುವ ಉದ್ದ ಕೈಗೆ ಸಿಗದೆ ಪ್ಯಾಕೆಟ್ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸಣ್ಣ ಪಿಂಗ್ ಓಡುತ್ತದೆ, ದೊಡ್ಡ ಫೈಲ್ ಕಳಿಸಿದರೆ ನಿಲ್ಲುತ್ತದೆ.

ಎಸೆಯುವಾಗಲೂ ಇದೇ ಎಚ್ಚರ. ಮೊದಲ ಬಫರ್ ಹಿಡಿದ ಮೇಲೆ ಮೆಮೊರಿ ಸಿಗದೆ ಪ್ಯಾಕೆಟ್ ಬಿಡಬೇಕಾದರೆ ಉಳಿದ ಐದನ್ನೂ ಯೂಸ್ಡ್ ರಿಂಗ್‌ನಿಂದ (ಡಿವೈಸ್ ಬಳಸಿ ಮುಗಿಸಿದ ಬಫರ್‌ಗಳ ಪಟ್ಟಿ) ತೆಗೆದು ಬಿಡಿ. ಇಲ್ಲದಿದ್ದರೆ ಎರಡನೆಯ ಬಫರ್‌ನ ಡೇಟಾವನ್ನೇ ಹೊಸ ಹೆಡರ್ ಅಂತ ಓದುತ್ತೀರಿ, ಅಲ್ಲಿಂದ ಮುಂದೆ ಎಲ್ಲವೂ ಅಡ್ಡಾದಿಡ್ಡಿ. ಡಿವೈಸ್ ಹೇಳಿದ ಉದ್ದವನ್ನೂ ಕಣ್ಣುಮುಚ್ಚಿ ನಂಬಬೇಡಿ: ನೀವು ಕೊಟ್ಟ ಬಫರ್‌ಗಿಂತ ಅದು ದೊಡ್ಡದಿದ್ದರೆ ಎಸೆಯಿರಿ.

ಬರುವ ಕಡೆಯ ಅವೈಲ್ ರಿಂಗ್ (ಡಿವೈಸ್ ತುಂಬಲೆಂದು ಡ್ರೈವರ್ ಕೊಟ್ಟ ಬಫರ್‌ಗಳ ಪಟ್ಟಿ) ಪೂರ್ತಿ ಖಾಲಿಯಾಗುವುದು ಇನ್ನೊಂದು ಪೀಡೆ. ಬಫರ್ ಇಲ್ಲದಿದ್ದರೆ ಪ್ಯಾಕೆಟ್ ಬರುವುದಿಲ್ಲ, ಪ್ಯಾಕೆಟ್ ಬರದಿದ್ದರೆ ಇಂಟರಪ್ಟ್ ಇಲ್ಲ, ಇಂಟರಪ್ಟ್ ಇಲ್ಲದಿದ್ದರೆ ಬಫರ್ ತುಂಬುವ ಕೋಡ್ ಓಡುವುದೇ ಇಲ್ಲ. ಅಲೊಕೇಶನ್ ಸೋತಾಗ ಟೈಮರ್ ಇಟ್ಟ ವರ್ಕ್‌ನಿಂದ ಮತ್ತೆ ಪ್ರಯತ್ನಿಸಲೇಬೇಕು; ಅರ್ಧ ಸೆಕೆಂಡ್ ಅಂತರ ಸಾಕು. ತುಂಬುವಾಗ ಮೊದಲು ಡಿಸ್ಕ್ರಿಪ್ಟರ್ (ಬಫರ್ ಎಲ್ಲಿದೆ, ಎಷ್ಟು ದೊಡ್ಡದು ಎಂಬ ವಿವರ), ಆಮೇಲೆ ಅವೈಲ್ ರಿಂಗ್‌ನ ನಮೂದು, ನಂತರ ಬರಹದ ಬ್ಯಾರಿಯರ್ (ಹಿಂದಿನ ಬರಹಗಳೇ ಮೊದಲು ಕಾಣುವಂತೆ ಮಾಡುವ ಆಜ್ಞೆ), ಕೊನೆಗೆ ಇಂಡೆಕ್ಸ್. ಬ್ಯಾರಿಯರ್ ಮರೆತರೂ ಎಕ್ಸ್86ನಲ್ಲಿ ಬಹಳ ಸಲ ನಡೆದುಬಿಡುತ್ತದೆ, ಆರ್ಮ್‌ನಲ್ಲಿ ಸಿಕ್ಕಿಬೀಳುತ್ತದೆ.

ಕಳಿಸುವ ಕಡೆ ಇಷ್ಟು ರಗಳೆ ಇಲ್ಲ. ಯೂಸ್ಡ್ ರಿಂಗ್‌ಗೆ ವಾಪಸ್ ಬರುವವರೆಗೆ ಬಫರ್ ಬಿಡುಗಡೆ ಮಾಡಬೇಡಿ. ಜಾಗ ಮುಗಿದು ಕ್ಯೂ ನಿಲ್ಲಿಸಿದಿರಾ? ಇಂಟರಪ್ಟ್ ಆನ್ ಮಾಡಿದ ಮೇಲೆ ಯೂಸ್ಡ್ ರಿಂಗನ್ನು ಇನ್ನೊಮ್ಮೆ ನೋಡಿ: ಆನ್ ಮಾಡುವ ಸಂದಿನಲ್ಲೇ ಡಿವೈಸ್ ಕೆಲಸ ಮುಗಿಸಿದ್ದರೆ ಆ ಇಂಟರಪ್ಟ್ ಬರುವುದೇ ಇಲ್ಲ, ಕ್ಯೂ ನಿಂತಲ್ಲೇ ನಿಲ್ಲುತ್ತದೆ.