ಇಂಡಕ್ಷನ್ ಅರ್ಥವಾದದ್ದು ಲ್ಯಾಬ್‌ನಲ್ಲಿ

ಮೊದಲ ವರ್ಷದ ಜೂನಿಯರ್‌ಗಳು ನನ್ನ ಹತ್ತಿರ ಕೇಳುವುದು ಹೆಚ್ಚುಕಮ್ಮಿ ಒಂದೇ ಪ್ರಶ್ನೆ. "ಅಕ್ಕಾ, ಮ್ಯಾಥ್ಸ್‌ಗೆ ಕೂತರೆ ಕೋಡಿಂಗ್ ಉಳಿದುಹೋಗುತ್ತೆ, ಕೋಡಿಂಗ್‌ಗೆ ಕೂತರೆ ಮ್ಯಾಥ್ಸ್ ಉಳಿದುಹೋಗುತ್ತೆ. ಎರಡನ್ನೂ ಹೇಗೆ ನಿಭಾಯಿಸೋದು?"

ನಾನೀಗ ಕಂಪ್ಯೂಟರ್ ಸೈನ್ಸ್ ಪದವಿಯ ಮೂರನೇ ವರ್ಷದಲ್ಲಿದ್ದೇನೆ. ಸೇರುವ ಮುಂಚೆ ಒಂದು ಸಾಲು ಕೋಡ್ ಕೂಡ ಬರೆದವಳಲ್ಲ. ಹಾಗಾಗಿ ಆ ಗಾಬರಿ ನನಗೆ ಚೆನ್ನಾಗಿ ಗೊತ್ತು. ಒಂದು ಟೈಮ್‌ಟೇಬಲ್ ಹಾಕಿಕೊಡುತ್ತೇನೆ ಅಂತ ಅವರು ಕಾಯುತ್ತಾರೆ. ನಾನು ಹೇಳುವುದು ಬೇರೆ. ಎರಡನ್ನೂ ಬೇರೆ ಮಾಡಬೇಡಿ. ಗಣಿತವನ್ನು ಕೋಡ್‌ನಲ್ಲಿ ಓಡಿಸಿ ನೋಡಿ, ಕೋಡನ್ನು ಪೇಪರ್ ಮೇಲೆ ಲೆಕ್ಕದ ಹಾಗೆ ಬಿಡಿಸಿ.

ಇಂಡಕ್ಷನ್ ತಗೊಳ್ಳಿ, ಅಂದರೆ ಒಂದು ಮಾತು ಎಲ್ಲ ಸಂಖ್ಯೆಗೂ ನಿಜ ಅಂತ ಹೆಜ್ಜೆಹೆಜ್ಜೆಯಾಗಿ ಸಾಧಿಸುವ ವಿಧಾನ. 1ರಿಂದ ಎನ್‌ವರೆಗಿನ ಮೊತ್ತ ಎನ್(ಎನ್+1)/2 ಅಂತ ಡಿಸ್ಕ್ರೀಟ್ ಮ್ಯಾಥ್ಸ್ (ಬಿಡಿಬಿಡಿಯಾಗಿ ಎಣಿಸಬಹುದಾದವುಗಳ ಗಣಿತ) ಕ್ಲಾಸಿನಲ್ಲಿ ಸಾಧಿಸಿ ತೋರಿಸುತ್ತಾರೆ. ಒಂದಕ್ಕೆ ಸರಿ ಇದೆ. ಕೆ ಅನ್ನುವ ಸಂಖ್ಯೆಗೆ ಸರಿ ಅಂದುಕೊಂಡರೆ ಕೆ+1ಕ್ಕೂ ಸರಿಯಾಗುತ್ತದೆ. ಆದ್ದರಿಂದ ಎಲ್ಲಕ್ಕೂ ಸರಿ. ಈ ಹಂತಗಳು ನನಗೆ ಬಾಯಿಪಾಠ ಆಗಿದ್ದವು, ನಂಬಿಕೆ ಮಾತ್ರ ಬಂದಿರಲಿಲ್ಲ. ಸಾಧಿಸಬೇಕಾದದ್ದನ್ನೇ ಮೊದಲು ಸರಿ ಅಂದುಕೊಳ್ಳಿ ಅಂದರೆ ಹೇಗೆ?

ಅದೇ ಸೆಮಿಸ್ಟರ್‌ನ ಲ್ಯಾಬ್‌ನಲ್ಲಿ ರಿಕರ್ಷನ್ ಬಂತು, ಅಂದರೆ ಒಂದು ಫಂಕ್ಷನ್ (ಒಂದು ಕೆಲಸಕ್ಕೆ ಬರೆದ ಕೋಡ್ ತುಣುಕು) ತನ್ನನ್ನೇ ಮತ್ತೆ ಕರೆಯುವುದು. ಅದೇ ಮೊತ್ತಕ್ಕೆ ಒಂದು ಫಂಕ್ಷನ್ ಬರೆದೆ. ಎನ್ ಒಂದಾದರೆ 1 ಕೊಡು. ಇಲ್ಲದಿದ್ದರೆ ಎನ್-1ರ ಮೊತ್ತಕ್ಕೆ ಇದೇ ಫಂಕ್ಷನ್ ಕರೆದು, ಬಂದ ಉತ್ತರಕ್ಕೆ ಎನ್ ಕೂಡಿಸು. ಏನಾಗುತ್ತದೆ ನೋಡೋಣ ಅಂತ ಬೇಸ್ ಕೇಸ್ ಅನ್ನು, ಅಂದರೆ 'ಒಂದಾದರೆ 1 ಕೊಡು' ಅನ್ನುವ ಸಾಲನ್ನು, ಅಳಿಸಿ ಓಡಿಸಿದೆ. ಪ್ರೋಗ್ರಾಮ್ ಸೊನ್ನೆ ದಾಟಿ ಮೈನಸ್ ಸಂಖ್ಯೆಗಳಿಗೆ ಇಳಿಯುತ್ತಲೇ ಹೋಗಿ, ಕೊನೆಗೆ ಮುಗಿಯದ ಕರೆಗಳನ್ನು ನೆನಪಿಡುವ ಸ್ಟ್ಯಾಕ್ ತುಂಬಿ ನಿಂತಿತು. ಪ್ರೂಫ್‌ನ ಮೊದಲ ಸಾಲಿನ ಕೆಲಸ ಏನು ಅಂತ ಆಗ ಕಂಡಿತು. ಬೇಸ್ ಕೇಸ್ ವಾಪಸ್ ಹಾಕಿ, ಎನ್ 3 ಅಂತ ಇಟ್ಟುಕೊಂಡು ಪೇಪರ್ ಮೇಲೆ ಬಿಡಿಸಿದೆ. 3 ಹೋಗಿ 2ನ್ನು ಕೇಳುತ್ತದೆ, 2 ಹೋಗಿ 1ನ್ನು ಕೇಳುತ್ತದೆ, 1ರ ಹತ್ತಿರ ಉತ್ತರ ಸಿದ್ಧ ಇದೆ. ವಾಪಸ್ ಬರುವಾಗ 1, 3, 6. 'ಕೆಗೆ ಸರಿ ಅಂದುಕೊಳ್ಳಿ' ಅಂದರೆ ಒಳಗಿನ ಕರೆ ಸರಿಯಾದ ಉತ್ತರ ತರುತ್ತದೆ ಅಂತ ಇಟ್ಟುಕೊಳ್ಳುವುದು, ಅಷ್ಟೇ. ನನ್ನ ಜವಾಬ್ದಾರಿ ಒಂದೇ ಹೆಜ್ಜೆಯದು. ಇದಾದ ಮೇಲೆ ಪಟ್ಟಿಯನ್ನು ಅರ್ಧರ್ಧ ಮಾಡಿ ಕ್ರಮವಾಗಿ ಜೋಡಿಸುವ ಮರ್ಜ್ ಸಾರ್ಟ್ ಆಗಲಿ, ಕೊಂಬೆಗಳ ಹಾಗೆ ಕವಲೊಡೆಯುವ ಟ್ರೀಗಳ ಮೇಲಿನ ಪ್ರೂಫ್ ಆಗಲಿ, ಓದುವ ರೀತಿಯೇ ಬದಲಾಯಿತು. ಮೊದಲು ಬೇಸ್ ಕೇಸ್ ಎಲ್ಲಿದೆ ಅಂತ ಹುಡುಕುತ್ತೇನೆ.

ಆ ಸೂತ್ರ ಅಲ್ಲಿಗೇ ಮುಗಿಯುವುದಿಲ್ಲ. ಒಂದು ಪಟ್ಟಿಯಲ್ಲಿ ಪ್ರತಿ ಜೋಡಿಯನ್ನೂ ಹೋಲಿಸುವ ಎರಡು ಲೂಪ್ ಬರೆದು, ಒಳಗೆ ಒಂದು ಕೌಂಟರ್ ಇಡಿ. 1000 ಸಂಖ್ಯೆಗಳಿಗೆ 1ರಿಂದ 999ರವರೆಗಿನ ಮೊತ್ತದಷ್ಟು, ಅಂದರೆ 4,99,500 ಹೋಲಿಕೆ ಬರುತ್ತದೆ. 10,000ಕ್ಕೆ 4,99,95,000. ಪಟ್ಟಿ ಹತ್ತು ಪಟ್ಟು ಬೆಳೆದರೆ ಕೆಲಸ ಸುಮಾರು ನೂರು ಪಟ್ಟು. ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿ ಪ್ರತಿ ಸಲ ಅರ್ಧ ಬಿಟ್ಟು ಹುಡುಕುವ ಬೈನರಿ ಸರ್ಚ್‌ನಲ್ಲಾದರೆ ಹತ್ತು ಲಕ್ಷ ಸಂಖ್ಯೆಗಳಿದ್ದರೂ 20 ಹೋಲಿಕೆ ಸಾಕು. ಬಿಗ್ ಓ (ಪಟ್ಟಿ ಬೆಳೆದಂತೆ ಕೆಲಸ ಎಷ್ಟು ಬೆಳೆಯುತ್ತದೆ ಅನ್ನುವ ಲೆಕ್ಕ) ಅನ್ನುವ ಅಧ್ಯಾಯವನ್ನು ಓದುವ ಮುಂಚೆ ಈ ಸಂಖ್ಯೆಗಳನ್ನು ಕಣ್ಣಾರೆ ನೋಡಿದರೆ, ಅಧ್ಯಾಯ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಪ್ರಾಬಬಿಲಿಟಿಗೂ ಇದೇ ದಾರಿ. 23 ಜನರಿದ್ದರೆ ಇಬ್ಬರ ಹುಟ್ಟಿದ ದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಅಂತಾರೆ. ನಂಬಿಕೆ ಬರದಿದ್ದರೆ ಹತ್ತು ಸಾಲಿನ ಸಿಮ್ಯುಲೇಶನ್ ಬರೆಯಿರಿ. ಮಾಹಿತಿಯನ್ನು ಲೆಕ್ಕ ಹಾಕಿ ಖಾನೆಗಳಲ್ಲಿ ಇಡುವ ಹ್ಯಾಶ್ ಟೇಬಲ್‌ನಲ್ಲಿ ನಾವು ಊಹಿಸಿದ್ದಕ್ಕಿಂತ ಬೇಗ ಕೊಲಿಷನ್ (ಎರಡು ಒಂದೇ ಖಾನೆಗೆ ಬೀಳುವುದು) ಬರುವುದು ಯಾಕೆ ಅನ್ನುವುದಕ್ಕೂ ಅದರಲ್ಲೇ ಉತ್ತರ ಇದೆ. ಮ್ಯಾಟ್ರಿಕ್ಸ್ ಅಂದರೆ ಸುಮ್ನೆ ಸಂಖ್ಯೆಗಳ ಚೌಕ ಅನ್ನಿಸಿದರೆ, ಅದರಿಂದ ಒಂದು ತ್ರಿಕೋನವನ್ನು ಸ್ಕ್ರೀನ್ ಮೇಲೆ ತಿರುಗಿಸಿ ನೋಡಿ.

ಆದರೆ ಕೋಡ್ ಓಡಿತು ಅಂದ ಮಾತ್ರಕ್ಕೆ ಗಣಿತ ಮುಗಿಯಲಿಲ್ಲ. ಇದನ್ನು ಜೂನಿಯರ್‌ಗಳಿಗೆ ಒತ್ತಿ ಹೇಳುತ್ತೇನೆ. ಎನ್²+ಎನ್+41 ಅನ್ನುವ ಆಯ್ಲರ್‌ನ ಪ್ರಸಿದ್ಧ ಉದಾಹರಣೆ ನೋಡಿ. ಎನ್ ಜಾಗದಲ್ಲಿ 0ಯಿಂದ 39ರವರೆಗೆ ಏನು ಹಾಕಿದರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ಅಲ್ಲಿಗೆ ಲೂಪ್ ನಿಲ್ಲಿಸಿದವರು ಇದು ಯಾವತ್ತೂ ನಿಜ ಅಂತ ಬರೆದುಬಿಡಬಹುದು. 40 ಹಾಕಿದರೆ 1681 ಬರುತ್ತದೆ, ಅದು 41ರ ವರ್ಗ. ಇಲ್ಲಿ ಪ್ರೂಫ್ ಬೇಕು, ಬೇರೆ ದಾರಿ ಇಲ್ಲ.

ಇದರ ತಿರುಗುಮುರುಗು ಕಥೆಯೂ ಇದೆ, ನನಗೆ ಅದು ಇನ್ನೂ ಇಷ್ಟ. ಬೈನರಿ ಸರ್ಚ್‌ನಲ್ಲಿ ಮಧ್ಯದ ಜಾಗ ಹುಡುಕಲು ಎಡತುದಿ, ಬಲತುದಿ ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಗಣಿತದಲ್ಲಿ ಇದಕ್ಕೆ ಯಾವ ತಕರಾರೂ ಇಲ್ಲ. ಆದರೆ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ 32 ಬಿಟ್ ಪೂರ್ಣಾಂಕ 2,14,74,83,647 ದಾಟುವುದಿಲ್ಲ. ಮೊತ್ತ ಅದನ್ನು ಮೀರಿದರೆ ಮೈನಸ್ ಆಗಿಬಿಡುತ್ತದೆ. ಜಾವಾದ ಲೈಬ್ರರಿಯಲ್ಲೇ ಈ ದೋಷ ಸುಮಾರು ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಕೂತಿತ್ತು. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಇದನ್ನು ವಿವರಿಸಿ ಬರೆದರು. ಬಲತುದಿಯಿಂದ ಎಡತುದಿ ಕಳೆದು, ಅರ್ಧ ಮಾಡಿ, ಎಡತುದಿಗೆ ಕೂಡಿಸಿದರೆ ಸರಿಹೋಗುತ್ತದೆ. ಪೇಪರ್ ಮೇಲಿನ ಸಂಖ್ಯೆಗೆ ಕೊನೆ ಇಲ್ಲ, ಮೆಷಿನ್‌ನೊಳಗಿನ ಸಂಖ್ಯೆಗೆ ಇದೆ. ಈ ಎರಡನ್ನೂ ಒಟ್ಟಿಗೆ ತಲೆಯಲ್ಲಿ ಇಟ್ಟುಕೊಳ್ಳುವವರನ್ನು ಕಂಡರೆ ನನಗೆ ತುಂಬಾ ಗೌರವ.

ಹೊತ್ತು ಸಾಲುತ್ತಾ ಅಂದರೆ, ಎಲ್ಲ ಗಣಿತಕ್ಕೂ ಒಂದೇ ತೂಕ ಕೊಡಬೇಕಿಲ್ಲ. ಡಿಸ್ಕ್ರೀಟ್ ಮ್ಯಾಥ್ಸ್ ಗಟ್ಟಿ ಮಾಡಿಕೊಳ್ಳಿ, ಅದು ಪ್ರತಿ ಪೇಪರ್‌ನಲ್ಲೂ ತಿರುಗಿ ಬರುತ್ತದೆ. ಆಮೇಲೆ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ. ಕ್ಯಾಲ್ಕುಲಸ್‌ನ ಬೆಲೆ ನನಗೆ ಗೊತ್ತಾಗಿದ್ದು ಮೆಷಿನ್ ಲರ್ನಿಂಗ್‌ನಲ್ಲಿ ಗ್ರೇಡಿಯೆಂಟ್ ಡಿಸೆಂಟ್ (ಇಳಿಜಾರು ನೋಡಿಕೊಂಡು ಹೆಜ್ಜೆಹೆಜ್ಜೆಯಾಗಿ ತಪ್ಪನ್ನು ಕಡಿಮೆ ಮಾಡುವ ವಿಧಾನ) ಬಂದ ಮೇಲೆ. ಅಲ್ಲಿಯವರೆಗೆ ಪಾಸಾಗುವಷ್ಟು, ಮರೆಯದಷ್ಟು ಇದ್ದರೆ ಸಾಕು. ಮತ್ತೆ, ಎಷ್ಟೇ ಗಡಿಬಿಡಿ ಇದ್ದರೂ ಬೇರೆಯವರ ಅಸೈನ್‌ಮೆಂಟ್ ಕಾಪಿ ಮಾಡಬೇಡಿ. ಅರ್ಧಂಬರ್ಧ ಆದರೂ ನಿಮ್ಮದೇ ಕೊಡಿ. ಎಲ್ಲಿ ಸಿಕ್ಕಿಕೊಂಡಿರಿ ಅನ್ನುವುದು ಅದರಲ್ಲಿ ಕಾಣುತ್ತದೆ, ಟೀಚರ್ ಹತ್ತಿರ ಕೇಳುವುದಕ್ಕೆ ಒಂದು ನಿಖರವಾದ ಪ್ರಶ್ನೆ ಸಿಗುತ್ತದೆ.

ಈ ಸೆಮಿಸ್ಟರ್ ನನಗೆ ಥಿಯರಿ ಆಫ್ ಕಂಪ್ಯುಟೇಶನ್ (ಮೆಷಿನ್ ಏನನ್ನು ಲೆಕ್ಕ ಹಾಕಬಲ್ಲದು ಅನ್ನುವ ವಿಷಯ) ಇದೆ. ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ಕಾಗದದ ಮೇಲೆ ಕಲ್ಪಿಸಿದ ಮೆಷಿನ್ ಈ ಪೇಪರ್‌ನ ಬೆನ್ನೆಲುಬು. ವ್ಯಾಖ್ಯಾನ ಓದಿದರೆ ಬರೀ ಚಿಹ್ನೆಗಳು. ಹಾಗಾಗಿ ಪೈಥಾನ್‌ನಲ್ಲಿ ಒಂದು ಚಿಕ್ಕ ಸಿಮ್ಯುಲೇಟರ್ ಬರೆಯುತ್ತಿದ್ದೇನೆ: ಚಿಹ್ನೆಗಳಿರುವ ಒಂದು ಟೇಪ್, ಅದನ್ನು ಓದಿ ಬರೆಯುವ ಒಂದು ಹೆಡ್, ನಿಯಮಗಳ ಒಂದು ಡಿಕ್ಷನರಿ. ಬೈನರಿ ಸಂಖ್ಯೆಗೆ ಒಂದು ಕೂಡಿಸುವ ಮೆಷಿನ್ ಆಗಲೇ ಓಡುತ್ತಿದೆ. ಈ ವಾರ ಪ್ಯಾಲಿಂಡ್ರೋಮ್ (ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದ) ಗುರುತಿಸುವ ಮೆಷಿನ್‌ನ ನಿಯಮಗಳನ್ನು ಬರೆಯಬೇಕು.