ಗಂಟಲು ಚುರುಗುಟ್ಟಿಸುವ ಎಣ್ಣೆ

ಎಕ್ಸ್‌ಟ್ರಾ ವರ್ಜಿನ್ (ರಾಸಾಯನಿಕ ಬಳಸದೆ ಹಿಂಡಿ ತೆಗೆದ) ಆಲಿವ್ ಎಣ್ಣೆಯನ್ನು ಬಿಸಿ ಮಾಡಲೇಬಾರದು ಅನ್ನೋ ಮಾತು ಮತ್ತೆ ಕಿವಿಗೆ ಬಿತ್ತು. ಹಾಗೇನಿಲ್ಲ. ಅದು ಹೊಗೆಯಾಡುವುದು ಸುಮಾರು 190–210 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಮಧ್ಯಮ ಉರಿಯಲ್ಲಿ ತರಕಾರಿ ಬಾಡಿಸಲು ಅಷ್ಟು ಕಾವು ಬೇಕಿಲ್ಲ.

ಎಣ್ಣೆ ನಿಜಕ್ಕೂ ಕೆಡುವುದು ಒಲೆ ಪಕ್ಕದ ಪಾರದರ್ಶಕ ಬಾಟಲಿಯಲ್ಲಿ. ಬೆಳಕು, ಬಿಸಿ, ಗಾಳಿ ಮೂರೂ ಸೇರಿ ಕಮಟು ಹಿಡಿಸುತ್ತವೆ. ಗಾಢ ಬಣ್ಣದ ಚಿಕ್ಕ ಬಾಟಲಿ ಕೊಳ್ಳಿ, ತೆರೆದ ಮೇಲೆ ಎರಡು-ಮೂರು ತಿಂಗಳಲ್ಲಿ ಮುಗಿಸಿ. ನುಂಗುವಾಗ ಗಂಟಲು ಚುರುಗುಟ್ಟಿದರೆ ಹೆದರಬೇಡಿ, ಅದು ಈ ಎಣ್ಣೆಯಲ್ಲಿ ಸಹಜವಾಗಿರುವ ಓಲಿಯೋಕ್ಯಾಂಥಲ್ ಎಂಬ ಅಂಶದ ಕೆಲಸ, ಒಳ್ಳೆಯ ಲಕ್ಷಣ.

ಈ ಎಣ್ಣೆಗೆ ಹೆಸರಾದ ಮೆಡಿಟರೇನಿಯನ್ ಊಟವೆಂದರೆ (ಗ್ರೀಸ್, ಇಟಲಿಯಂಥ ಕಡಲತೀರದ ನಾಡುಗಳ ಊಟ) ತಿನ್ನುವುದರ ಮೇಲೆಲ್ಲ ಎಣ್ಣೆ ಸುರಿಯುವುದಲ್ಲ. ಒಂದು ಟೇಬಲ್ ಚಮಚಕ್ಕೇ ಸುಮಾರು 120 ಕ್ಯಾಲೊರಿ. ಅದು ಬೆಣ್ಣೆಯ ಜಾಗಕ್ಕೆ ಬರಬೇಕು, ಜೊತೆಗೆ ಕಾಳು, ಸೊಪ್ಪು, ಮೀನು. ಎಣ್ಣೆಗೆ ಸಿಕ್ಕ ಹೆಸರು ಅದೇ ತಟ್ಟೆಯ ಕಾಳಿಗೆ ಯಾಕೆ ಸಿಗಲಿಲ್ಲವೋ!