ಕಿಟಕಿಗೆ ಕತ್ತು ಚಾಚಿದ ಸಸಿಗಳು

ಬೆಳಿಗ್ಗೆ ಹಾಲು ಕಾಯಿಸೋಕೆ ಹೋದವಳು ಅಡುಗೆಮನೆ ಕಿಟಕಿ ಹತ್ತಿರ ಹಾಗೇ ನಿಂತುಬಿಟ್ಟೆ. ಟ್ರೇಯಲ್ಲಿದ್ದ 12 ಟೊಮೆಟೊ ಸಸಿಗಳೂ ಒಂದೇ ಕಡೆ ಕತ್ತು ಚಾಚಿಕೊಂಡಿವೆ. ದಂಟು ದಾರದಷ್ಟು ಸಣ್ಣ. ತುದಿಯಲ್ಲಿ ಎರಡೇ ಎರಡು ಎಲೆ. ಒಂದಕ್ಕಂತೂ ಬೀಜದ ಸಿಪ್ಪೆ ಇನ್ನೂ ಟೋಪಿ ಹಾಗೆ ಅಂಟಿಕೊಂಡಿತ್ತು.

ಉದ್ದ ಬೆಳೆದಿವೆ ಅಂತ ನಿನ್ನೆ ಖುಷಿಪಟ್ಟಿದ್ದೆ. ಬೆಳಕು ಸಾಲದೆ ಹಾಗೆ ಎಳೆದುಕೊಂಡಿವೆ, ಪಾಪ. ಬೆಂಗಳೂರಿನ ಈ ಮಳೆಗಾಲದ ಮೋಡದಲ್ಲಿ ಕಿಟಕಿ ಬೆಳಕು ಎಲ್ಲಿ ಸಾಕಾಗುತ್ತೆ?

ಓದುವ ಮೇಜಿನ ಎಲ್‌ಇಡಿ ದೀಪ ತಂದು ಎಲೆಗಳಿಂದ 4 ಇಂಚು ಮೇಲೆ ಇಟ್ಟೆ. ಬೆಳಿಗ್ಗೆ 6ರಿಂದ ರಾತ್ರಿ 8ರವರೆಗೆ ಉರಿಯಲಿ. ಆಮೇಲೆ ಅವಕ್ಕೂ ಕತ್ತಲೆ ಬೇಕಲ್ವಾ. ನೀರು ಮೇಲ್ಮಣ್ಣು ಒಣಗಿದ ಮೇಲಷ್ಟೇ. ಸದಾ ಒದ್ದೆ ಇದ್ದರೆ ಬುಡ ಕೊಳೆತು ಮಲಗಿಬಿಡುತ್ತವೆ.

"ದಿನಾ ಒಂದ್ಸಲ ಅಂಗೈಯಿಂದ ಮೆಲ್ಲಗೆ ಸವರು, ಗಾಳಿ ಬೀಸಿದ ಹಾಗೆ. ದಂಟು ಗಟ್ಟಿಯಾಗತ್ತೆ" ಅಂದಳು ಅಮ್ಮ ಫೋನಿನಲ್ಲಿ.

ಸಂಜೆ ಸವರಿದೆ. ಅಂಗೈ ತುಂಬ ಟೊಮೆಟೊ ಎಲೆಯ ಆ ಘಾಟು ವಾಸನೆ. ಬೆರಳುದ್ದ ಇಲ್ಲ, ಆಗಲೇ ಅದರದೇ ವಾಸನೆ! ಕೈ ತೊಳೆಯೋಕೆ ಮನಸ್ಸೇ ಬರಲಿಲ್ಲ.